ಯಾರ ನೆಲದ ಮೇಲಿನ ದಾರಿ: ಉಡುಪಿ ಸೀಮೆಯ ಘಟ್ಟದ ರಸ್ತೆಗಳ ಚರಿತ್ರೆ

ಮಲ್ಪೆ ಬಂದರಿನಿಂದ ಹೊರಟು ಆದಿ ಉಡುಪಿ, ಉಡುಪಿ, ಮಣಿಪಾಲ, ಪರ್ಕಳ, ಹಿರಿಯಡ್ಕ, ಪೆರ್ಡೂರುಗಳನ್ನು ಹಾದು, ಹೆಬ್ರಿ ಮತ್ತು ಸೋಮೇಶ್ವರಗಳನ್ನು ಮುಟ್ಟಿ, ಅಲ್ಲಿಂದ 14 ತಿರುವುಗಳಲ್ಲಿ ಆಗುಂಬೆಯ ಘಟ್ಟವನ್ನೇರಿ ತೀರ್ಥಹಳ್ಳಿಯನ್ನು ಸೇರುವ ದಾರಿಗೆ ಇಂದು ರಾಷ್ಟ್ರೀಯ ಹೆದ್ದಾರಿ 169ಎ ಎಂದು ಹೆಸರು. ಇದರ ತೆಂಕಣಕ್ಕೆ ಕಾರ್ಕಳ, ಬಜಗೋಳಿ, ಮಾಳಗಳ ಮೂಲಕ ಕೆರೆಕಟ್ಟೆಗೂ ಶೃಂಗೇರಿಗೂ ಹೋಗುವ ರಾಷ್ಟ್ರೀಯ ಹೆದ್ದಾರಿ 169 ಇದೆ; ಬಡಗಣಕ್ಕೆ ಕುಂದಾಪುರದಿಂದ ಸಿದ್ದಾಪುರ, ಹೊಸಂಗಡಿಗಳ ಮೇಲೆ ಬಾಳೆಬರೆ ಘಟ್ಟವನ್ನೇರಿ ಹುಲಿಕಲ್ಲು, ಮಾಸ್ತಿಕಟ್ಟೆ, ನಗರಗಳನ್ನು ತಲುಪುವ ದಾರಿಯೂ, ಕೊಲ್ಲೂರಿನಿಂದ ನಾಗೋಡಿಯತ್ತ ಏರುವ ದಾರಿಯೂ ಇವೆ. ಕರಾವಳಿಯನ್ನು ಮಲೆನಾಡಿಗೆ ಜೋಡಿಸುವ ಈ ನಾಲ್ಕು ದಾರಿಗಳ ಬಗೆಗೆ ಈವರೆಗೆ ನಡೆದಿರುವ ಬರವಣಿಗೆ ಬಹುಪಾಲು ಅರಸರ ದಂಡಯಾತ್ರೆ, ಬಂದರುಗಳ ವ್ಯಾಪಾರ, ಬ್ರಿಟಿಷ್ ಆಡಳಿತದ ಲೋಕೋಪಯೋಗಿ ಕಾಮಗಾರಿ ಎಂಬ ಮೂರು ನೆಲೆಗಳಲ್ಲಿ ನಿಂತಿದೆ. ದಾರಿ ಯಾವ ಜನರ ನೆಲದ ಮೇಲೆ ಹಾದುಹೋಯಿತು, ಅವರನ್ನು ಯಾರಾದರೂ ಕೇಳಿದ್ದರೇ, ದಾರಿ ಬಂದ ಮೇಲೆ ಅವರ ಬದುಕು ಏನಾಯಿತು ಎಂಬ ನಾಲ್ಕನೆಯ ನೆಲೆ ಮಾತ್ರ ತೀರ ತೆಳುವಾಗಿ ಉಳಿದಿದೆ. ಉಳಿದ ಮೂರು ನೆಲೆಗಳಲ್ಲಿ ತಿಳಿದುಬಂದಿರುವ ಸಂಗತಿಗಳನ್ನು ಈ ನಾಲ್ಕನೆಯ ಪ್ರಶ್ನೆಯ ಎದುರು ಇಟ್ಟು ನೋಡುವುದು ಪ್ರಸ್ತುತ ಸಮೀಕ್ಷೆಯ ಉದ್ದೇಶ.

ಈ ಪ್ರಶ್ನೆ ಬೇರೆ ನಾಡುಗಳ ಚರಿತ್ರೆಯಲ್ಲಿ ಎಷ್ಟು ಮುಖ್ಯವಾಗಿದೆ ಎಂಬುದಕ್ಕೆ ಉತ್ತರ ಅಮೆರಿಕದ ಒಂದು ಉದಾಹರಣೆ ಸಾಕು. ಅಲ್ಲಿನ ಆಗ್ನೇಯ ಭಾಗದ ಬೆಟ್ಟಸೀಮೆಯಲ್ಲಿ ನೆಲೆಸಿದ್ದ ಚೆರೋಕೀ ಎಂಬ ಮೂಲನಿವಾಸಿ ಜನಾಂಗದೊಡನೆ ಅಮೆರಿಕದ ಸರಕಾರವು 1805ರ ಅಕ್ಟೋಬರಿನಲ್ಲಿ ಟೆಲಿಕೋ ಎಂಬಲ್ಲಿ ಒಪ್ಪಂದ ಮಾಡಿಕೊಂಡು, ಅವರ ನೆಲದ ಮೂಲಕ ಟಪಾಲು ಸಾಗಿಸುವ ರಸ್ತೆಗೆ ಅನುಮತಿ ಪಡೆಯಿತು. ಹೀಗೆ ಹುಟ್ಟಿದ ‘ಫೆಡರಲ್ ರೋಡ್’ನ ಬದಿಯಲ್ಲಿ ಚೆರೋಕೀಯರೇ ತಂಗುಮನೆಗಳನ್ನೂ ಹೊಳೆ ದಾಟಿಸುವ ಕಡವುಗಳನ್ನೂ ನಡೆಸಿದರು, ಜೇಮ್ಸ್ ವಾನ್ ಎಂಬ ಮುಖಂಡ ಅದರಿಂದ ತನ್ನ ಸಂಪತ್ತನ್ನು ಬೆಳೆಸಿಕೊಂಡ. ಆದರೆ ಅದೇ ರಸ್ತೆ ವಲಸಿಗರನ್ನೂ ಅವರ ಹಿಂದೆಯೇ ಭೂದಾಹವನ್ನೂ ತಂದಿತು. 1830ರಲ್ಲಿ ಮೂಲನಿವಾಸಿಗಳನ್ನು ಪಶ್ಚಿಮಕ್ಕೆ ಸಾಗಿಸುವ ಕಾಯಿದೆಯಾಯಿತು, 1835ರಲ್ಲಿ ಜನಾಂಗದ ಬಹುಮತದ ಒಪ್ಪಿಗೆಯಿಲ್ಲದೆ ನ್ಯೂ ಎಕೋಟದ ಒಪ್ಪಂದಕ್ಕೆ ಸಹಿ ಬಿತ್ತು, 1838ರಲ್ಲಿ ಸೈನಿಕರು ಅವರನ್ನು ಮನೆಗಳಿಂದ ಹೊರಡಿಸಿ ನಡೆಸಿಕೊಂಡು ಹೋದರು. ದಾರಿಯಲ್ಲೂ ಶಿಬಿರಗಳಲ್ಲೂ ಸಾವಿರಾರು ಮಂದಿ ಸತ್ತರು. ಅಲ್ಲಿ ಒಪ್ಪಿಗೆ ಕೇಳಿ ಆಮೇಲೆ ಅದನ್ನು ಮುರಿದರು. ಆದ್ದರಿಂದ ಅನ್ಯಾಯಕ್ಕೆ ಕಾಗದದ ಸಾಕ್ಷಿ ಉಳಿಯಿತು. ಪಶ್ಚಿಮ ಘಟ್ಟದ ಇಳಿಜಾರಿನಲ್ಲಿ ಮಲೆಕುಡಿಯರು ಮೊದಲಾದ ಕಾಡಿನ ಜನರೊಡನೆ ಅಂಥ ಒಪ್ಪಂದವೇ ನಡೆಯಲಿಲ್ಲ. ಎರಡು ಚರಿತ್ರೆಗಳನ್ನು ಸರಿಸಮವೆಂದು ಹೇಳಲಾಗದು. ಇಲ್ಲಿ ಸೈನ್ಯ ಬಂದು ಒಂದು ಜನಾಂಗವನ್ನೇ ಎತ್ತಿ ಸಾಗಿಸಿದ ಘಟನೆಯಿಲ್ಲ. ಆದರೆ ಕೇಳಬೇಕಾದವರನ್ನು ಕೇಳದೆಯೇ ದಾರಿಯಾಯಿತು ಎಂಬುದು ಇಲ್ಲಿನ ಕಥೆಯ ಮೂಲದಲ್ಲೇ ಇದೆ, ಮತ್ತು ಆ ಮೌನ ಇಂದಿನವರೆಗೂ ಮುಂದುವರಿದಿದೆ.

1799ರಲ್ಲಿ ಕರಾವಳಿ ಈಸ್ಟ್ ಇಂಡಿಯಾ ಕಂಪನಿಯ ಕೈಸೇರುವುದಕ್ಕೆ ಹಿಂದಿನ ಕಾಲದಲ್ಲಿ ಘಟ್ಟವು ರಾಜ್ಯಗಳ ನಡುವಿನ ಗಡಿಯಾಗಿದ್ದುದಕ್ಕಿಂತ ಒಂದೇ ರಾಜ್ಯದ ಎರಡು ಅಂಕಣಗಳ ನಡುವಿನ ಮೆಟ್ಟಿಲಾಗಿದ್ದುದೇ ಹೆಚ್ಚು. ಹುಂಚದಲ್ಲಿ ನೆಲೆಗೊಂಡಿದ್ದ ಸಾಂತರರ ಮನೆತನದ ಕವಲೊಂದು ಕಳಸಕ್ಕೂ, ಅಲ್ಲಿಂದ ಘಟ್ಟವಿಳಿದು ಕೆರ್ವಾಶೆ, ಕಾರ್ಕಳಗಳಿಗೂ ಬಂದು ಕಳಸ-ಕಾರ್ಕಳದ ಭೈರರಸರೆಂದು ಪ್ರಸಿದ್ಧವಾಯಿತು. 1432ರಲ್ಲಿ ವೀರಪಾಂಡ್ಯನು ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದಾಗಲೂ 1586ರಲ್ಲಿ ಇಮ್ಮಡಿ ಭೈರವನು ಚತುರ್ಮುಖ ಬಸದಿಯನ್ನು ಕಟ್ಟಿಸಿದಾಗಲೂ ಆ ಅರಸರ ಅಧಿಕಾರ ಘಟ್ಟದ ಮೇಲೂ ಕೆಳಗೂ ಹರಡಿತ್ತು. ವಿಜಯನಗರದ ಕಾಲದಲ್ಲಿ ತುಳುನಾಡಿನ ಬಡಗಣ ಭಾಗ ಬಾರಕೂರು ರಾಜ್ಯವೆಂದೂ ಘಟ್ಟದ ಮೇಲಿನ ತೀರ್ಥಹಳ್ಳಿ ಸೀಮೆ ಆರಗದ ರಾಜ್ಯವೆಂದೂ ಕರೆಸಿಕೊಂಡವು. ಇಲ್ಲಿ ‘ರಾಜ್ಯ’ವೆಂದರೆ ಸಾಮ್ರಾಜ್ಯದ ಒಂದು ಪ್ರಾಂತ. ಸರಕು ಮಾರಾಟವಾದ ಊರಿನಲ್ಲಿ ಕೊಡಬೇಕಾದ ಸ್ಥಳಾದಾಯ, ದಾರಿಯಲ್ಲಿ ಹಾದುಹೋಗುವ ಸರಕಿಗೆ ಕೊಡಬೇಕಾದ ಮಾರ್ಗಾದಾಯ ಎಂಬ ಎರಡು ಬಗೆಯ ಸುಂಕಗಳು ಆ ಕಾಲದ ಶಾಸನಗಳಲ್ಲಿ ಕಾಣಿಸುವುದು, ದಾರಿಯೇ ಆದಾಯದ ಆಕರವಾಗಿತ್ತೆಂಬುದನ್ನು ತೋರಿಸುತ್ತದೆ. ಧರ್ಮದ ಓಡಾಟವೂ ಇದೇ ದಾರಿಗಳನ್ನು ಹಿಡಿದಿತ್ತು: ಹೆಬ್ರಿ-ಕಾರ್ಕಳ ದಾರಿಯ ವರಂಗದ ಬಸದಿಗಳು, ಘಟ್ಟದಡಿಯ ಕೊಲ್ಲೂರು, ಮೇಲಿನ ಶೃಂಗೇರಿ ಮತ್ತು ಹುಂಚ, ತೀರ್ಥಹಳ್ಳಿಯ ಬಳಿಯ ಭೀಮನಕಟ್ಟೆಯ ಮಾಧ್ವ ಮಠ, ಇವೆಲ್ಲ ಘಟ್ಟ ಹತ್ತಿಳಿಯುವ ಯಾತ್ರಿಕರನ್ನು ನಂಬಿ ಬೆಳೆದ ಕ್ಷೇತ್ರಗಳು.

ಕೆಳದಿಯ ನಾಯಕರು ಈ ಏಕತೆಯನ್ನು ಗಟ್ಟಿಗೊಳಿಸಿದರು. ಕೆಳದಿಯಿಂದ ಇಕ್ಕೇರಿಗೂ, 17ನೇ ಶತಮಾನದ ನಡುವೆ ಅಲ್ಲಿಂದ ಬಿದನೂರಿಗೂ (ಇಂದಿನ ನಗರ) ಅವರು ರಾಜಧಾನಿಯನ್ನು ಸಾಗಿಸಿದಾಗ, ಅದು ಹೊಸಂಗಡಿಯ ಘಟ್ಟದ ನೇರ ನೆತ್ತಿಗೆ, ಅಂದರೆ ಬಸರೂರು, ಕುಂದಾಪುರಗಳಿಗೆ ಅತಿ ಹತ್ತಿರದ ಜಾಗಕ್ಕೆ ಬಂದಿತು. ಕರಾವಳಿಯ ಅಕ್ಕಿಯೂ ಘಟ್ಟದ ಕಾಳುಮೆಣಸೂ ಪೋರ್ಚುಗೀಸರಿಗೆ ಬೇಕಾಗಿದ್ದವು. ಶಿವಪ್ಪ ನಾಯಕನು (ಆಳ್ವಿಕೆ 1645–1660) ಅವರ ಕರಾವಳಿಯ ಕೋಟೆಗಳನ್ನು ಒಂದೊಂದಾಗಿ ಕಿತ್ತುಕೊಂಡು ಆ ವ್ಯಾಪಾರದ ಹಿಡಿತವನ್ನು ತನ್ನದಾಗಿಸಿಕೊಂಡ. ರಾಜಧಾನಿ, ಘಟ್ಟದ ಬಾಯಿ, ಬಂದರು ಎಂಬ ಮೂರೂ ಒಂದೇ ಕೈಯಲ್ಲಿದ್ದುದರಿಂದಲೇ ಆ ಪುಟ್ಟ ರಾಜ್ಯ ತನ್ನ ಗಾತ್ರಕ್ಕೆ ಮೀರಿದ ಸಂಪತ್ತನ್ನು ಕೂಡಿಹಾಕಲು ಸಾಧ್ಯವಾಯಿತು.

ಆಗಿನ ದಾರಿಯ ಸ್ವರೂಪವನ್ನು ಇಂದಿನ ರಸ್ತೆಯ ಕಲ್ಪನೆಯಿಂದ ಅಳೆಯಲಾಗದು. ಅದು ಗಾಡಿ ಓಡುವ ರಸ್ತೆಯಲ್ಲ, ಹೇರೆತ್ತುಗಳ ದಾರಿ. ಹೇರೆತ್ತು ಎಂದರೆ ಬೆನ್ನಿನ ಎರಡು ಬದಿಗೆ ಗೋಣಿ ತೂಗುಹಾಕಿಕೊಂಡು ಸಾಲಾಗಿ ನಡೆಯುವ ಎತ್ತು. ಅವು ಹೋಗಲಾಗದ ಕಡಿದಾದ ಕಡೆಗಳಲ್ಲಿ ಮನುಷ್ಯರೇ ತಲೆಹೊರೆಯಲ್ಲಿ ಸಾಗಿಸುತ್ತಿದ್ದರು. ಕೆಳಗಿನಿಂದ ಉಪ್ಪು, ಒಣಮೀನು, ತೆಂಗಿನಕಾಯಿ ಮೇಲೇರಿದರೆ, ಮೇಲಿನಿಂದ ಅಡಕೆ, ಕಾಳುಮೆಣಸು, ಏಲಕ್ಕಿ, ಗಂಧ ಕೆಳಗಿಳಿಯುತ್ತಿದ್ದವು. ಉಪ್ಪಿಲ್ಲದೆ ಮಲೆನಾಡಿನ ಅಡುಗೆಮನೆ ನಡೆಯುವಂತಿರಲಿಲ್ಲ, ಅಡಕೆ-ಮೆಣಸಿಲ್ಲದೆ ಬಸರೂರಿನ ಪೇಟೆಗೆ ಜೀವವಿರಲಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವುದರಿಂದ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಸಂಚಾರ ಬಹುಮಟ್ಟಿಗೆ ನಿಂತುಹೋಗಿ, ಮಳೆ ಬಿಟ್ಟ ಮೇಲೆ ಕುಸಿದ ದರೆಯನ್ನು ಕಡಿದು, ಬಿದ್ದ ಮರವನ್ನು ಸರಿಸಿ, ದಾರಿಯನ್ನು ಪ್ರತಿವರ್ಷ ಹೊಸದಾಗಿ ಬಿಡಿಸಿಕೊಳ್ಳಬೇಕಾಗುತ್ತಿತ್ತು. ಎಲ್ಲಿ ನೀರಿದೆ, ಯಾವ ತಿಂಗಳಲ್ಲಿ ಯಾವ ಹಳ್ಳ ದಾಟಬಹುದು, ಯಾವ ಬದಿಯ ಮಣ್ಣು ಜರಿಯುತ್ತದೆ ಎಂಬ ಅರಿವು ಅಲ್ಲೇ ಬಾಳುವವರಲ್ಲಿ ಮಾತ್ರ ಇರಬಲ್ಲದು. ಎಂದಮೇಲೆ ಹೇರೆತ್ತಿನ ದಾರಿಗಳು ಕಾಡಿನ ಜನರ ಕಾಲುದಾರಿಗಳನ್ನೇ ಅನುಸರಿಸಿದವೆಂದು ಊಹಿಸುವುದು ತಪ್ಪಾಗಲಾರದು.

ಘಟ್ಟ ಹತ್ತಿದ ಹೊರಗಿನವರಲ್ಲಿ ವಿವರವಾಗಿ ಬರೆದಿಟ್ಟವರ ಪೈಕಿ ಇಟಲಿಯ ಪಿಯೆತ್ರೊ ದೆಲ್ಲ ವಲ್ಲೆ ಮುಖ್ಯನು. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಆತ ಹೊನ್ನಾವರದಿಂದ ಹೊಳೆಯ ಮೂಲಕ ಗೇರುಸೊಪ್ಪೆಗೆ ಬಂದು, ಅಲ್ಲಿಂದ ಘಟ್ಟವೇರಿ ಇಕ್ಕೇರಿಯಲ್ಲಿ ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡು, ಬೇರೊಂದು ದಾರಿಯಲ್ಲಿ ಬಸರೂರಿಗೆ ಇಳಿದ. ಘಟ್ಟವನ್ನು ಆತ ತನ್ನ ನಾಡಿನ ಅಪೆನ್ನೈನ್ ಬೆಟ್ಟಗಳಿಗೆ ಹೋಲಿಸಿದ, ಬಸರೂರಿನಲ್ಲಿ ನಾಡವರ ಮೇಲಿನ ಪೇಟೆಯೂ ಪೋರ್ಚುಗೀಸರ ಕೆಳಗಿನ ಪೇಟೆಯೂ ಬೇರೆಬೇರೆಯಾಗಿದ್ದುದನ್ನು ಗುರುತಿಸಿದ. 1801ರಲ್ಲಿ ಕಾರ್ಕಳ, ಉಡುಪಿ, ಕುಂದಾಪುರಗಳ ಮೂಲಕ ಹಾದು ಉತ್ತರಕ್ಕೆ ಹೋಗಿ, ಮೇಲಿನಿಂದ ನಗರಕ್ಕೆ ಬಂದ ಫ್ರಾನ್ಸಿಸ್ ಬುಕಾನನ್ ಬೆಳೆ, ಬೆಲೆ, ಜಾತಿ, ತೆರಿಗೆಗಳನ್ನೆಲ್ಲ ದಾಖಲಿಸಿದವನು. ಆದರೆ ಕಂಪನಿಗೆ ಹೊಸದಾಗಿ ದಕ್ಕಿದ ನಾಡಿನ ಆದಾಯವನ್ನು ಅಂದಾಜಿಸುವ ಕೆಲಸಕ್ಕೆ ಆತ ಬಂದಿದ್ದನೆಂಬುದನ್ನು ಅವನ ಬರಹ ಓದುವಾಗ ಮರೆಯಬಾರದು. ಅಡಕೆ ತೋಟದ ಒಡೆಯನಿಗೆ ಅವನ ಪುಟಗಳಲ್ಲಿ ಸಿಕ್ಕುವಷ್ಟು ಜಾಗ ಕಾಡಿನ ಜನರಿಗೆ ಸಿಕ್ಕದಿರುವುದಕ್ಕೆ ಕಾರಣ ಅದೇ.

ಸೈನ್ಯಗಳ ಕಣ್ಣಿಗೆ ಘಟ್ಟ ಬೇರೆಯೇ ಆಗಿ ಕಂಡಿತು. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದು ಅದಕ್ಕೆ ಹೈದರ್ ನಗರವೆಂದು ಹೆಸರಿಟ್ಟ ಮೇಲೆ, ಹೊಸಂಗಡಿಯಿಂದ ಹೈದರಗಡದವರೆಗೆ ಕೋಟೆ, ಅಡ್ಡಗೋಡೆ, ತೋಪುಗಳಿಂದ ಆ ದಾರಿ ಬಿಗಿಯಾಯಿತು. ಎರಡನೆಯ ಮೈಸೂರು ಯುದ್ಧದಲ್ಲಿ ಬ್ರಿಗೇಡಿಯರ್ ಜನರಲ್ ಮ್ಯಾಥ್ಯೂಸ್‌ನ ಸೈನ್ಯ ಕುಂದಾಪುರವನ್ನು ಹಿಡಿದು, 1783ರ ಜನವರಿಯಲ್ಲಿ ಇದೇ ಘಟ್ಟದ ಅಡೆತಡೆಗಳನ್ನು ಒಂದೊಂದಾಗಿ ಮುರಿದು ಮೇಲೇರಿದಾಗ, ಬಿದನೂರಿನ ಅಧಿಕಾರಿ ಅಯಾಜನು ಊರನ್ನು ಒಪ್ಪಿಸಿಬಿಟ್ಟ. ಕೆಲವೇ ತಿಂಗಳಲ್ಲಿ ಟಿಪ್ಪು ಅದನ್ನು ಮರಳಿ ಪಡೆದು ಮ್ಯಾಥ್ಯೂಸ್‌ನನ್ನು ಸೆರೆಹಿಡಿದ, ಮುಂದೆ ಮಂಗಳೂರನ್ನು ಮುತ್ತಿದ. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಿಂದ ಆ ಯುದ್ಧ ಮುಗಿಯಿತು. ಘಟ್ಟದ ದಾರಿಯನ್ನು ಹಿಡಿದವನ ಕೈಯಲ್ಲೇ ಕರಾವಳಿಯೂ ಮಲೆನಾಡೂ ಇರುತ್ತವೆ ಎಂಬ ಪಾಠವನ್ನು ಎರಡೂ ಪಕ್ಷಗಳು ಕಲಿತವು. ಯುದ್ಧದ ಕಥನಗಳಲ್ಲಿ ಫಿರಂಗಿಗಳ ಲೆಕ್ಕವಿದೆ, ಗೆದ್ದ ಪಡೆಗಳ ಹೆಸರಿದೆ. ಆ ಫಿರಂಗಿಗಳನ್ನು ಮೇಲಕ್ಕೆಳೆದವರ, ದಾರಿ ತೋರಿಸಿದವರ, ಪಡೆ ಹಾದ ಊರುಗಳಲ್ಲಿ ಭತ್ತದ ಕಣಜ ಕಳೆದುಕೊಂಡವರ ಹೆಸರಿಲ್ಲ.

1799 ಈ ಚರಿತ್ರೆಯ ನಿಜವಾದ ತಿರುವು. ಟಿಪ್ಪುವಿನ ಮರಣಾನಂತರ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ ಥಾಮಸ್ ಮನ್ರೊ ಅದರ ಮೊದಲ ಕಲೆಕ್ಟರನಾದ. ನಗರ, ತೀರ್ಥಹಳ್ಳಿ, ಕೊಪ್ಪಗಳ ಸೀಮೆ ಮೈಸೂರು ಅರಸರಿಗೆ ಉಳಿಯಿತು. ಶತಮಾನಗಳ ಕಾಲ ಮೆಟ್ಟಿಲಾಗಿದ್ದ ಘಟ್ಟ ಹೀಗೆ ಒಂದೇ ವರ್ಷದಲ್ಲಿ ಗಡಿಯಾಯಿತು, ಮತ್ತು 1956ರ ನವೆಂಬರ್ 1ರವರೆಗೆ, ಅಂದರೆ 157 ವರ್ಷ, ಗಡಿಯಾಗಿಯೇ ಉಳಿಯಿತು. ಮಾಳದ ಮೇಲಿನ ಜಾಗವೊಂದನ್ನು ಜನ ಇಂದಿಗೂ ‘ಎಸ್.ಕೆ. ಬಾರ್ಡರ್’ ಎಂದೇ ಕರೆಯುತ್ತಾರೆ. ದಕ್ಷಿಣ ಕನ್ನಡವು ಮದರಾಸಿಗೆ ಸೇರಿದ್ದ ಕಾಲದ ‘ಸೌತ್ ಕೆನರಾ’ ಗಡಿಯ ಗುರುತು ಅದು. ಗಡಿಯೆಂದರೆ ಚೌಕಿ, ಚೌಕಿಯೆಂದರೆ ಸುಂಕ. ಮದರಾಸು ಪ್ರಾಂತದೊಳಗಿನ ಸಾಗಾಣಿಕೆ ಸುಂಕಗಳು 1844ರಲ್ಲಿ ರದ್ದಾದವು. 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರರ ಕೈಗೆ ಹೋದ ಬಳಿಕ ಅಲ್ಲಿಯೂ 700ಕ್ಕೂ ಹೆಚ್ಚು ಸಣ್ಣಪುಟ್ಟ ತೆರಿಗೆಗಳನ್ನು ತೆಗೆದುಹಾಕಿದರು. ಎರಡೂ ಕಡೆ ಒಂದೇ ಅಧಿಕಾರ ಬಂದು, ನಡುವಿನ ಸುಂಕ ತೆಗೆದ ಮೇಲೆ ಗಾಡಿರಸ್ತೆಯ ಮಾತು ಸಹಜವಾಗಿಯೇ ಮುಂದೆ ಬಂದಿತು.

ಆದರೆ ರಸ್ತೆಗೆ ವ್ಯಾಪಾರವೊಂದೇ ಕಾರಣವೆಂದು ಹೇಳುವ ಆಡಳಿತದ ವರದಿಗಳನ್ನು ಹಾಗೆಯೇ ಒಪ್ಪುವಂತಿಲ್ಲ. 1830–31ರಲ್ಲಿ ಘಟ್ಟದ ಮೇಲೆ ನಗರದ ರೈತರು ಬೂದಿ ಬಸವಪ್ಪನ ಮುಂದಾಳತನದಲ್ಲಿ ಬಂಡೆದ್ದರು. ಅದೇ ಹೊತ್ತಿಗೆ ಘಟ್ಟದ ಕೆಳಗೆ ಕೆನರಾದ ರೈತರು ‘ಕೂಟ’ಗಳನ್ನು, ಅಂದರೆ ಕಂದಾಯ ಕೊಡೆವೆಂದು ಸಾಮೂಹಿಕವಾಗಿ ಸೇರುವ ಸಭೆಗಳನ್ನು ನಡೆಸಿದರು. 1837ರಲ್ಲಿ ಸುಳ್ಯದಿಂದ ಎದ್ದ ಬಂಡಾಯ ಮಂಗಳೂರನ್ನೇ ಕೆಲವು ದಿನ ವಶಪಡಿಸಿಕೊಂಡಿತು. ಕಂಪನಿಯ ಪಡೆಗಳು ಕರಾವಳಿಗೆ ಬರಬೇಕಾದರೆ ಒಂದೋ ಸಮುದ್ರ, ಇಲ್ಲವೇ ಮಳೆಗಾಲದಲ್ಲಿ ಮುಚ್ಚಿಹೋಗುವ ಘಟ್ಟ ಎಂಬ ಸ್ಥಿತಿ ಆಡಳಿತಕ್ಕೆ ಭಯ ಹುಟ್ಟಿಸಿರಬೇಕು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ರಸ್ತೆಗಳಿಗೆ, ಅದರಲ್ಲೂ ಪಶ್ಚಿಮ ಕರಾವಳಿಗೆ ಇಳಿಯುವ ಘಟ್ಟದ ರಸ್ತೆಗಳಿಗೆ ಕೊಟ್ಟ ಮಹತ್ವವನ್ನು ಈ ಹಿನ್ನೆಲೆಯಲ್ಲೂ ಓದಬೇಕು. 1856ರಲ್ಲಿ ಮೈಸೂರಿನಲ್ಲಿ ಲೋಕೋಪಯೋಗಿ ಇಲಾಖೆಯೇ ಪ್ರತ್ಯೇಕವಾಗಿ ಏರ್ಪಟ್ಟಿತು. 19ನೇ ಶತಮಾನ ಮುಗಿಯುವ ಹೊತ್ತಿಗೆ ಶಿವಮೊಗ್ಗದಿಂದ ಕರಾವಳಿಗೆ ಇಳಿಯುವ ಗಾಡಿರಸ್ತೆ ಆಗುಂಬೆಯ ಮೇಲೆ ಹಾದಿತ್ತು. ಬಿದನೂರು ರಾಜಧಾನಿಯ ಪಟ್ಟ ಕಳೆದುಕೊಂಡದ್ದರಿಂದ ಹೊಸಂಗಡಿಯ ಹಳೆಯ ದಂಡಿನ ದಾರಿ ಹಿಂದೆ ಸರಿದಿತ್ತು.

ಗಾಡಿರಸ್ತೆ ತಂದ ಬದಲಾವಣೆ ದೊಡ್ಡದು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯ ಹಿಂದೆಯೇ ಹುಟ್ಟಿಕೊಂಡ ಹೆಂಚಿನ ಉದ್ಯಮ, ಹುಲ್ಲು ಹೊದೆಸಿದ ಮಲೆನಾಡಿನ ಮನೆಗಳ ಮಾಡನ್ನು ಕ್ರಮೇಣ ಬದಲಿಸಿತು. ಕೊಪ್ಪ, ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಿಗೂ ಅಡಕೆ ತೋಟಗಳಿಗೂ ಕರಾವಳಿಯಿಂದ ಕೂಲಿಯಾಳುಗಳು ಹೋಗತೊಡಗಿದರು. ಮಳೆಗಾಲದ ಬೇಸಾಯ ಮುಗಿದ ಮೇಲೆ ಮುಂಗಡ ಹಣ ಕೊಟ್ಟು ಆಳುಗಳನ್ನು ಕೂಡಿಸಿ, ಘಟ್ಟ ಹತ್ತಿಸಿ, ತೋಟದಲ್ಲಿ ಮೇಲ್ವಿಚಾರಣೆ ನಡೆಸಿ, ಮತ್ತೆ ಇಳಿಸಿಕೊಂಡು ಬರುವ ಮಧ್ಯವರ್ತಿಗೆ ಸೇರೆಗಾರನೆಂದು ಹೆಸರು. ಘಟ್ಟದ ಮೇಲಿನವರು ದಕ್ಷಿಣ ಕನ್ನಡವನ್ನು ‘ಕನ್ನಡ ಜಿಲ್ಲೆ’ಯೆಂದು ಕರೆಯುತ್ತಿದ್ದ ಆ ಕಾಲದ ಈ ಕೂಲಿ ವಲಸೆಯನ್ನು ಆಡಳಿತದ ಗ್ರಂಥಗಳಿಗಿಂತ ಕಾದಂಬರಿಗಳೇ ಚೆನ್ನಾಗಿ ಹಿಡಿದಿಟ್ಟಿವೆ ಎಂಬುದು ಸಾಹಿತ್ಯಕ್ಕೆ ಸಲ್ಲಬೇಕಾದ ಗೌರವ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯಲ್ಲಿ ಸೇರೆಗಾರನೂ ಘಟ್ಟದ ಕೆಳಗಿನ ಆಳುಗಳೂ ಕಥೆಯ ಒಡಲಲ್ಲೇ ಇದ್ದಾರೆ, ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಮೇಗರವಳ್ಳಿ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯ ಮೇಲಿನ ಊರು, ಮತ್ತು ಹೊಸ ಕಾಲ ಆ ಕಾಡಿನೊಳಕ್ಕೆ ರಸ್ತೆಯ ಮೂಲಕವೇ ಬರುತ್ತದೆ. ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ ಸಾಲ ತೀರಿಸಲೆಂದು ಚೋಮನ ಮಕ್ಕಳು ಕಾಫಿ ತೋಟಕ್ಕೆ ಹೋಗಬೇಕಾಗುತ್ತದೆ. ಇನ್ನೂ ಮುಖ್ಯವಾಗಿ, ಕಾರಂತರು ‘ಕುಡಿಯರ ಕೂಸು’ ಕಾದಂಬರಿಯಲ್ಲಿ ಮಲೆಕುಡಿಯರ ಬದುಕನ್ನೇ ವಸ್ತುವಾಗಿ ತೆಗೆದುಕೊಂಡರು. ಘಟ್ಟದ ಇಳಿಜಾರನ್ನು ದಾರಿಹೋಕನ ಕಣ್ಣಿನಿಂದಲ್ಲದೆ ಅಲ್ಲಿ ಬಾಳುವವನ ಕಣ್ಣಿನಿಂದ ನೋಡಿದ ಕೃತಿಗಳು ಕನ್ನಡದಲ್ಲಿ ಅದಕ್ಕೆ ಮೊದಲು ವಿರಳ.

ಅಲ್ಲಿ ಬಾಳುವವರ ಪಾಲಿಗೆ ರಸ್ತೆಗಿಂತ ನಿರ್ಣಾಯಕವಾದದ್ದು, ರಸ್ತೆಯ ಕಾಲದಲ್ಲೇ ಬಂದ ಅರಣ್ಯ ಕಾನೂನು. ಮಲೆಕುಡಿಯರು, ಕುಡುಬಿಯರು, ಮರಾಟಿ ನಾಯ್ಕರು ಮೊದಲಾದವರು ಕುಮರಿ ಬೇಸಾಯ ಮಾಡುತ್ತಿದ್ದರು. ಗುಡ್ಡದ ಇಳಿಜಾರಿನ ಒಂದು ತುಂಡನ್ನು ಕಡಿದು, ಬೇಸಗೆಯಲ್ಲಿ ಸುಟ್ಟು, ಬೂದಿ ಬೆರೆತ ಮಣ್ಣಿನಲ್ಲಿ ಒಂದೆರಡು ವರ್ಷ ರಾಗಿ, ಭತ್ತ, ಬೇಳೆಕಾಳು ಬೆಳೆದು, ಆಮೇಲೆ ಕಾಡು ಮರಳಿ ಬೆಳೆಯಲೆಂದು ಹಲವು ವರ್ಷ ಬಿಟ್ಟುಬಿಡುವ ಪದ್ಧತಿ ಅದು. ಕೆನರಾದಲ್ಲಿ ಅದು ಎರಡು ಬಗೆಯಾಗಿತ್ತು: ಸರಕಾರದ ನೆಲದಲ್ಲಿ ತೆರಿಗೆ ಕೊಟ್ಟು ಮಾಡುವ ಸರಕಾರಿ ಕುಮರಿ ಮತ್ತು ವರ್ಗದಾರನ, ಎಂದರೆ ಕಂದಾಯದ ಲೆಕ್ಕದಲ್ಲಿ ಹೆಸರಿರುವ ಭೂಮಾಲೀಕನ ಹಿಡುವಳಿಗೆ ಸೇರಿಕೊಂಡ ವರ್ಗ ಕುಮರಿ. ಕೆನರಾದ ಜಮೀನು ಖಾಸಗಿ ಸ್ವತ್ತೆಂದು ಮನ್ರೊ ಒಪ್ಪಿಕೊಂಡದ್ದನ್ನು ಇತಿಹಾಸಕಾರರು ಮೆಚ್ಚಿ ಬರೆಯುತ್ತಾರೆ. ಆದರೆ ಆ ಸ್ವತ್ತು ಲೆಕ್ಕದಲ್ಲಿ ಹೆಸರಿದ್ದವರ ಸ್ವತ್ತು. ಸ್ಥಳ ಬದಲಿಸುತ್ತ ಬೇಸಾಯ ಮಾಡುವವನಿಗೆ ಲೆಕ್ಕದಲ್ಲಿ ಹೆಸರೇ ಇರಲಿಲ್ಲ, ಇದ್ದರೂ ಒಡೆಯನ ಹೆಸರಿನ ಮರೆಯಲ್ಲಿತ್ತು. 1856ರಲ್ಲಿ ಮದರಾಸಿನ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾದ ಹ್ಯೂ ಕ್ಲೆಗ್‌ಹಾರ್ನ್ ಕುಮರಿಯನ್ನು ಮರಮುಟ್ಟಿನ ನಾಶವೆಂದು ಬಲವಾಗಿ ವಿರೋಧಿಸಿದ. 1860ರಲ್ಲಿ ಮದರಾಸು ಸರಕಾರ ವಿಶೇಷ ಅನುಮತಿಯಿಲ್ಲದೆ ಕುಮರಿ ಮಾಡಬಾರದೆಂದು ಆಜ್ಞೆ ಮಾಡಿತು. 1882ರ ಮದರಾಸು ಅರಣ್ಯ ಕಾಯಿದೆ ಘಟ್ಟದ ಇಳಿಜಾರಿನ ಬಹುಭಾಗವನ್ನು ಮೀಸಲು ಕಾಡಾಗಿಸಲು ದಾರಿ ಮಾಡಿತು. ಕ್ಲೆಗ್‌ಹಾರ್ನ್‌ನ ಕಾಳಜಿ ಸುಳ್ಳಾಗಿತ್ತೆನ್ನಲಾಗದು, ಕಾಡು ನಿಜವಾಗಿಯೂ ಕರಗುತ್ತಿತ್ತು. ಆದರೆ ಹಡಗಿಗೆ, ರೈಲುಹಾದಿಗೆ, ತೋಟಕ್ಕೆ ಮರ ಕಡಿದವರನ್ನು ಬಿಟ್ಟು ಕುಮರಿ ಮಾಡಿದವನನ್ನೇ ಮೊದಲ ಅಪರಾಧಿಯಾಗಿಸಿದ್ದು ನ್ಯಾಯವಾಗಿರಲಿಲ್ಲ. ಕುಮರಿ ಕಳೆದುಕೊಂಡವರಿಗೆ ಉಳಿದದ್ದು ಏಲಕ್ಕಿ ಮಲೆಯ ಕೂಲಿ, ಜೇನು, ಸೀಗೆ, ಧೂಪ, ರಾಂಪತ್ರೆಗಳ ಸಂಗ್ರಹ ಮತ್ತು ವರ್ಗದಾರರ ಮನೆಯ ದುಡಿಮೆ. ಆ ಸಂಗ್ರಹವನ್ನೂ ಗುತ್ತಿಗೆದಾರನಿಗೆ ಮಾರಲೇಬೇಕಾಗುತ್ತಿತ್ತು, ಮತ್ತು ಗುತ್ತಿಗೆದಾರ ಬಂದದ್ದು ಹೊಸ ರಸ್ತೆಯಿಂದಲೇ.

ಈ ವಿಷಯದಲ್ಲಿ ವಿದ್ವತ್ತಿನ ಸಾಧನೆಯನ್ನು ತೂಗಿ ನೋಡಿದರೆ ಒಂದು ಅಸಮತೋಲ ಎದ್ದು ಕಾಣುತ್ತದೆ. 1894ರಲ್ಲಿ ಜೆ. ಸ್ಟರಕ್ ಸಿದ್ಧಪಡಿಸಿದ ದಕ್ಷಿಣ ಕೆನರಾ ಜಿಲ್ಲಾ ಕೈಪಿಡಿಯೂ ಮೈಸೂರಿನ ಕಡೆಯಿಂದ ಬಿ.ಎಲ್. ರೈಸ್ ಬರೆದ ಗೆಜೆಟಿಯರುಗಳೂ ಘಟ್ಟದ ದಾರಿಗಳನ್ನು ಸಂಚಾರ ಸೌಕರ್ಯದ ಅಧ್ಯಾಯದಲ್ಲಿಯೂ ಕಾಡಿನ ಜನರನ್ನು ಜಾತಿಗಳ ಅಧ್ಯಾಯದಲ್ಲಿಯೂ ಇಟ್ಟವು. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್‌ನ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ಆ ಜನರಿಗೆ ರೂಢಿ, ಉಡುಗೆ, ಮದುವೆಗಳಿವೆ, ಚರಿತ್ರೆಯಿಲ್ಲ. ಒಂದೇ ಬೆಟ್ಟದ ಒಂದೇ ಇಳಿಜಾರಿನ ಎರಡು ಸಂಗತಿಗಳು ಹೀಗೆ ಬೇರೆಬೇರೆ ಅಧ್ಯಾಯಗಳಲ್ಲಿ ಸಿಕ್ಕಿಬಿದ್ದು ಪರಸ್ಪರ ಮುಟ್ಟಲೇ ಇಲ್ಲ. ಸ್ವಾತಂತ್ರ್ಯಾನಂತರ ಕೆ.ಡಿ. ಸ್ವಾಮಿನಾಥನ್ ಇಕ್ಕೇರಿ ನಾಯಕರ ಬಗೆಗೆ, ಕೆ.ವಿ. ರಮೇಶ್ ಶಾಸನಗಳ ಆಧಾರದ ಮೇಲೆ ದಕ್ಷಿಣ ಕನ್ನಡದ ಚರಿತ್ರೆಯ ಬಗೆಗೆ, ಪಾದೂರು ಗುರುರಾಜ ಭಟ್ಟರು ತುಳುವ ಇತಿಹಾಸ-ಸಂಸ್ಕೃತಿಯ ಬಗೆಗೆ ಮಾಡಿದ ಕೆಲಸ ಅಡಿಪಾಯದಂಥದು. ಗುರುರಾಜ ಭಟ್ಟರು ಊರೂರು ಸುತ್ತಿ ಕಲ್ಲು, ವಿಗ್ರಹ, ಗುಡಿಗಳನ್ನು ನೋಡಿ ಬರೆದರೆಂಬುದು ಈ ನಾಡಿನ ಸೌಭಾಗ್ಯ. ಆದರೆ ಶಾಸನವೂ ಗುಡಿಯೂ ಇಲ್ಲದ ಜನ ಆ ವಿಧಾನದ ಬಲೆಗೆ ಬೀಳುವುದಿಲ್ಲ. ಎನ್. ಶ್ಯಾಮ ಭಟ್ಟರು 1799ರಿಂದ 1860ರವರೆಗಿನ ದಕ್ಷಿಣ ಕೆನರಾದ ಆಡಳಿತವನ್ನೂ ಅದಕ್ಕೆ ನಾಡವರು ತೋರಿದ ಪ್ರತಿಕ್ರಿಯೆಯನ್ನೂ ಒಟ್ಟಿಗೆ ಇಟ್ಟು ನೋಡಿದ್ದರಿಂದ ರೈತನ ದನಿ ಚರಿತ್ರೆಗೆ ಬಂದಿತು. ಕುಮರಿಯವನ ದನಿಗೆ ಬೇಕಾದ ಕೆಲಸ ಇನ್ನೂ ಆಗಬೇಕು. ಕಂದಾಯದ ಕಡತ, ಅರಣ್ಯ ಮೀಸಲಾತಿಯ ಕಾಲದ ಹಕ್ಕು ವಿಚಾರಣೆಯ ಕಾಗದ ಮತ್ತು ಮಲೆಕುಡಿಯರ ಪಾಡ್ದನ-ಐತಿಹ್ಯಗಳನ್ನು ಒಂದೇ ಮೇಜಿನ ಮೇಲೆ ಹರಡಿ ಕೂರುವ ಸಂಶೋಧಕರಿಗೆ ಅದು ಕಾದಿದೆ. ಪಾಡ್ದನವೆಂದರೆ ತುಳುವಿನಲ್ಲಿ ದೈವ-ವೀರರ ಹುಟ್ಟು, ನಡಿಗೆ, ಮರಣಗಳನ್ನು ಹಾಡುವ ಕಥನಗೀತೆ, ಮತ್ತು ಘಟ್ಟವಿಳಿದು ಬಂದ ದೈವಗಳ ದಾರಿಯ ವಿವರಗಳು ಅವುಗಳಲ್ಲಿ ಧಾರಾಳವಾಗಿವೆ.

20ನೇ ಶತಮಾನದಲ್ಲಿ ಎತ್ತಿನ ಗಾಡಿಯ ಜಾಗಕ್ಕೆ ಮೋಟಾರು ಬಂದಿತು. 1914ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಕೆನರಾ ಪಬ್ಲಿಕ್ ಕನ್ವೇಯನ್ಸ್, ಜನರ ಬಾಯಲ್ಲಿ ಸಿ.ಪಿ.ಸಿ., ಕರಾವಳಿಯ ಬಸ್ ಸಂಚಾರಕ್ಕೆ ಬುನಾದಿ ಹಾಕಿತು. ಮಂಗಳೂರಿಗೆ 1907ರಲ್ಲೇ ರೈಲು ಬಂದರೂ ಅದು ಕೇರಳದ ಕಡೆಯಿಂದ ಬಂದದ್ದು. ಘಟ್ಟ ದಾಟಿ ಹಾಸನಕ್ಕೆ ರೈಲು ಸಾಗಲು 1979 ಆಗಬೇಕಾಯಿತು. ಆದ್ದರಿಂದ ಮಲೆನಾಡಿನ ರೋಗಿಯೂ ವಿದ್ಯಾರ್ಥಿಯೂ ಉಡುಪಿ, ಮಣಿಪಾಲ ಮುಟ್ಟಬೇಕಾದರೆ ಬಸ್ಸೇ ಗತಿಯಾಯಿತು, ಮತ್ತು ಆಗುಂಬೆಯ ಬಿಗಿ ತಿರುವುಗಳಲ್ಲಿ ದೊಡ್ಡ ಬಸ್ಸು ತಿರುಗದ್ದರಿಂದ ಮಿನಿ ಬಸ್ಸುಗಳು ಆ ಘಟ್ಟದ ವೈಶಿಷ್ಟ್ಯವೇ ಆದವು. 1991ರಲ್ಲಿ ಕೊಪ್ಪದಲ್ಲಿ ಸಾರಿಗೆ ನೌಕರರೇ ಕೂಡಿ ಕಟ್ಟಿದ ಸಹಕಾರ ಸಾರಿಗೆ ಸಂಸ್ಥೆ ಸುಮಾರು ಮೂರು ದಶಕ ಘಟ್ಟದ ಮೇಲಿನ-ಕೆಳಗಿನ ಊರುಗಳನ್ನು ಬೆಸೆದು 2020ರಲ್ಲಿ ನಿಂತುಹೋದದ್ದು ಈ ದಾರಿಗಳ ಚರಿತ್ರೆಯಲ್ಲಿ ದೊಡ್ಡ ನಷ್ಟ. ಲಾಭದ ಮಾರ್ಗಗಳನ್ನು ಮಾತ್ರ ಹುಡುಕದೆ ಒಳಗಿನ ಹಳ್ಳಿಗಳಿಗೂ ಹೋಗುತ್ತಿದ್ದ ಬಸ್ಸುಗಳು ಅವು.

ಕಾಡಿನ ಮಟ್ಟಿಗೆ 1970ರ ದಶಕ ಇನ್ನೊಂದು ತಿರುವು. 1974ರಲ್ಲಿ ಸೋಮೇಶ್ವರ ವನ್ಯಧಾಮವಾಯಿತು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾಗಿ, ಅದಿರನ್ನು ನೀರಿನಲ್ಲಿ ಕಲಸಿ ಪಣಂಬೂರಿಗೆ ಸಾಗಿಸುವ 67 ಕಿಲೋಮೀಟರ್ ಉದ್ದದ ಕೊಳವೆ ಮಾರ್ಗ ಘಟ್ಟವನ್ನಿಳಿಯಿತು. ಗಣಿಗೆಂದು ರಸ್ತೆಗಳು ಅಗಲವಾದವು. 1987ರಲ್ಲಿ ಅದೇ ಸೀಮೆಯನ್ನು ಕುದುರೆಮುಖ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿ 2001ರಲ್ಲಿ ಅಂತಿಮ ಅಧಿಸೂಚನೆ ಹೊರಡಿಸಿದರು, ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಗಣಿ ಮುಚ್ಚಿತು. ಗಣಿ ನಿಂತದ್ದು ಭದ್ರಾ ನದಿಗೂ ಕಾಡಿಗೂ ಒಳ್ಳೆಯದೇ ಆಯಿತು. ಆದರೆ ಉದ್ಯಾನದ ಗೆರೆಯೊಳಗೆ ಸಿಕ್ಕಿಕೊಂಡ ಮಲೆಕುಡಿಯರಿಗೂ ಗೌಡಲು ಸಮುದಾಯಕ್ಕೂ ಗಣಿ ಇದ್ದಾಗ ಸಿಗದ ಭದ್ರತೆ ಗಣಿ ಮುಚ್ಚಿದ ಮೇಲೂ ಸಿಗಲಿಲ್ಲ. ಒಕ್ಕಲೆಬ್ಬಿಸುವ ಭಯವೇ ಅವರ ದಿನನಿತ್ಯದ ಮಾತಾಯಿತು. ಆ ಭಯದ ನೆಲದಲ್ಲಿ ನಕ್ಸಲ್ ಚಟುವಟಿಕೆ ಬೇರೂರಿತು. 2003ರ ನವೆಂಬರಿನಲ್ಲಿ ಕಾರ್ಕಳ ತಾಲೂಕಿನ ಈದುವಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಯುವತಿಯರು ಬಲಿಯಾದ ಬಳಿಕ ಕಾಡಂಚಿನ ಊರುಗಳಿಗೆ ನಕ್ಸಲ್ ನಿಗ್ರಹ ಪಡೆಯ ಶಿಬಿರಗಳೂ ಅಭಿವೃದ್ಧಿಯ ಭರವಸೆಗಳೂ ಒಟ್ಟೊಟ್ಟಿಗೆ ಬಂದವು. 1783ರಂತೆ, 1837ರಂತೆ, ಈ ಬಾರಿಯೂ ಬೆಟ್ಟದ ದಾರಿಯನ್ನು ಸರಕಾರ ಭದ್ರತೆಯ ಕಣ್ಣಿನಿಂದ ಮೊದಲು ನೋಡಿತು.

ದಾರಿಯ ಬಗೆಗೆ ನೆಲದವರನ್ನು ಕೇಳಬೇಕೆಂಬ ಮಾತು ಕಾನೂನಿನಲ್ಲಿ ಮೊದಲಬಾರಿಗೆ ಸ್ಪಷ್ಟವಾಗಿ ಬಂದದ್ದು 2006ರ ಅರಣ್ಯ ಹಕ್ಕು ಕಾಯಿದೆಯ ನಂತರ. ಕಾಡಿನಲ್ಲಿ ಬಾಳುವ ಬುಡಕಟ್ಟು ಜನರ ಹಾಗೂ ಇತರ ಪಾರಂಪರಿಕ ನಿವಾಸಿಗಳ ಹಕ್ಕನ್ನು ಅದು ಒಪ್ಪಿಕೊಂಡಿತು. ಅದರ ಬೆನ್ನಿಗೆ, ಅರಣ್ಯಭೂಮಿಯನ್ನು ಬೇರೆ ಉದ್ದೇಶಕ್ಕೆ ಕೊಡುವ ಮುನ್ನ ಗ್ರಾಮಸಭೆಯ ಒಪ್ಪಿಗೆ ಪಡೆಯಬೇಕೆಂದು ಕೇಂದ್ರದ ಪರಿಸರ ಸಚಿವಾಲಯ 2009ರಲ್ಲಿ ಸುತ್ತೋಲೆ ಹೊರಡಿಸಿತು. ಆದರೆ 2013ರ ಫೆಬ್ರವರಿ 5ರ ಇನ್ನೊಂದು ಸುತ್ತೋಲೆ, ರಸ್ತೆ, ಕಾಲುವೆ, ಕೊಳವೆ ಮಾರ್ಗಗಳಂಥ ಉದ್ದನೆಯ ಯೋಜನೆಗಳನ್ನು ಆ ಒಪ್ಪಿಗೆಯ ಅಗತ್ಯದಿಂದ ಹೊರಗಿಟ್ಟಿತು. ಅತಿ ದುರ್ಬಲ ಬುಡಕಟ್ಟುಗಳ ಹಕ್ಕಿಗೆ ಧಕ್ಕೆಯಾಗುವಲ್ಲಿ ಮಾತ್ರ ವಿನಾಯಿತಿಯಿರಲಿಲ್ಲ. ಕರಾವಳಿಯಲ್ಲಿ ಆ ಪಟ್ಟಿಯಲ್ಲಿರುವವರು ಕೊರಗರು, ಮಲೆಕುಡಿಯರಲ್ಲ. ಎಂದರೆ ಗಣಿಗೆ, ಅಣೆಕಟ್ಟಿಗೆ ಕೇಳಬೇಕಾಗಿದ್ದ ಒಪ್ಪಿಗೆಯನ್ನು ಹೆದ್ದಾರಿಗೆ ಕೇಳಬೇಕಾಗಿರಲಿಲ್ಲ. ಮಲ್ಪೆ-ತೀರ್ಥಹಳ್ಳಿ ಹೆದ್ದಾರಿಯ ಅಗಲೀಕರಣ ಆದಿ ಉಡುಪಿಯ ಪೇಟೆಯಲ್ಲಿ ಅಂಗಡಿ-ಮನೆಗಳ ಪರಿಹಾರದ ಚರ್ಚೆಯಾಗುತ್ತದೆ, ಏಕೆಂದರೆ ಅಲ್ಲಿನವರ ಕೈಯಲ್ಲಿ ದಾಖಲೆಪತ್ರವಿದೆ. ಆಗುಂಬೆಗೆ ಸುರಂಗ ಬೇಕೋ ತಿರುವುಗಳ ವಿಸ್ತರಣೆ ಸಾಕೋ ಎಂಬ ಚರ್ಚೆಯಲ್ಲಿ ಎಂಜಿನಿಯರರ, ಪರಿಸರವಾದಿಗಳ, ವ್ಯಾಪಾರಿಗಳ ಮಾತು ಕೇಳಿಸುವಷ್ಟು ನಾಡ್ಪಾಲು, ಕಬ್ಬಿನಾಲೆಗಳ ಕಾಡಿನ ಮನೆಗಳ ಮಾತು ಕೇಳಿಸುವುದಿಲ್ಲ.

ಇದರ ಇನ್ನೊಂದು ಮುಖವನ್ನು ಹೇಳದೆ ಈ ಸಮೀಕ್ಷೆ ಪೂರ್ಣವಾಗದು. ಈದು, ಮಾಳ, ನೂರಾಳ್‌ಬೆಟ್ಟು, ಕಬ್ಬಿನಾಲೆಗಳ ಕಾಡಿನ ಮನೆಗಳವರು ರಸ್ತೆಯ ವಿರೋಧಿಗಳಲ್ಲ. ಅವರ ಹಲವು ದಶಕಗಳ ಬೇಡಿಕೆಯೇ ರಸ್ತೆ. ಎರಡು ರಾಷ್ಟ್ರೀಯ ಹೆದ್ದಾರಿಗಳು ಹಾದುಹೋಗುವ ಕಾಡಿನಲ್ಲಿ ಅವರ ಮನೆಗಳಿಗೆ ಹೋಗಲು ಕಾಲುದಾರಿ, ಮರದ ಕಾಲುಸಂಕ. ಮಳೆಗಾಲದಲ್ಲಿ ಕಾಯಿಲೆಯವರನ್ನು ಬಡಿಗೆಗೆ ಕಟ್ಟಿದ ಬಟ್ಟೆಯ ಜೋಲಿಯಲ್ಲಿ ಹೊತ್ತು ತರಬೇಕು. ಅರಣ್ಯ ಹಕ್ಕು ಕಾಯಿದೆಯ 3(2)ನೇ ಪ್ರಕರಣ ಇದಕ್ಕೆ ನೇರ ಉಪಾಯ ಹೇಳುತ್ತದೆ: ಶಾಲೆ, ಅಂಗನವಾಡಿ, ಕುಡಿಯುವ ನೀರು, ರಸ್ತೆ ಮೊದಲಾದ ಸೌಕರ್ಯಗಳಿಗೆ, ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದಂತೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಕೊಡಬಹುದು. ಅಂದರೆ ಹೆದ್ದಾರಿಯ ವಿಷಯದಲ್ಲಿ ಕೇಳದಿದ್ದ ಅದೇ ಗ್ರಾಮಸಭೆ, ತನ್ನ ಮನೆಗಳ ದಾರಿಯ ವಿಷಯದಲ್ಲಿ ತಾನೇ ಮೊದಲ ಮಾತು ಆಡಬಹುದು. ಆ ಮಾತಿಗೆ ತಾಲೂಕು ಕಚೇರಿ, ಅರಣ್ಯ ಇಲಾಖೆ ಮತ್ತು ಪಂಚಾಯತುಗಳು ಕೊಡುವ ಉತ್ತರವೇ ಘಟ್ಟದ ದಾರಿಗಳ ಚರಿತ್ರೆಯಲ್ಲಿ ಮುಂದೆ ಬರೆಯಬೇಕಾದ ಅಧ್ಯಾಯ.